ತುದಿ

ಮೊಸರು ಎರಡು ದಿನದ್ದು, ಹುಳಿ ಮೂಗಿಗೇ ಹತ್ತುತ್ತದೆ.
"ಇಂಥದ್ದೇ ಬೇಕು" ಅಂದಳು ಖೈರುನ್ನೀಸಾ,
ಕಡಲೆಹಿಟ್ಟು ಕದಡಿ, ಅರಿಸಿನ ಉದುರಿಸಿ
ಒಲೆಗಿಟ್ಟು, ಸೌಟು ನನ್ನ ಕೈಗೆ:
"ಕುದಿ ಬರೋವರೆಗೂ ತಿರುವ್ತಾ ಇರು, ಒಡೆದೋಗುತ್ತೆ."

ಶಿಡ್ಲಘಟ್ಟದ ಫಿಲೇಚರಿನಲ್ಲಿ ಹಗಲೆಲ್ಲ
ಅಕ್ಕಪಕ್ಕದ ಬೇಸಿನ್ನು ನಮ್ಮದು.
ಸುಡುನೀರಿನ ಗೂಡುಗಳಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳು ಬೆಳ್ಳಗೆ ಬೆಂದು
ರೇಷನ್ ಅಂಗಡಿ ಯಂತ್ರಕ್ಕೆ
ನಮ್ಮ ಹೆಬ್ಬೆಟ್ಟಿನ ಗುರುತೇ ಸಿಗುವುದಿಲ್ಲ.

ಅವಳು ಕಢಿ ಅಂತಾಳೆ, ನಾನು ಮಜ್ಜಿಗೆಹುಳಿ.
ಈರುಳ್ಳಿ, ಓಮ ಹಾಕಿ ಕಲಸಿ
ಅವಸರಕ್ಕೆ ಎಣ್ಣೆಗೆ ಬಿಟ್ಟದ್ದು,
ದುಂಡಗಾಗದೆ ಉದ್ದುದ್ದವಾದ ಬೋಂಡಗಳು
ಒಂದೊಂದೇ ಕುದಿಯೊಳಗೆ ಬಿದ್ದು
ಮುಳುಗಿ, ಎದ್ದು, ತೇಲಿದವು.
ಅದೇ ಹಳದಿ. ಥೇಟು ನಮ್ಮ ಗೂಡು.

ಕೈ ತಾನಾಗಿಯೇ ಮುಂದಾಯಿತು.
"ಏಯ್, ಇದಕ್ಕೆ ತುದಿ ಇಲ್ಲ ಕಣೇ ಗಂಗುಲೂ!"
ಅವಳ ನಗು ಮುಗಿಯುವ ಮೊದಲೇ
ಒಗ್ಗರಣೆಯ ಒಣಮೆಣಸಿನಕಾಯಿ ಸಿಡಿದು
ಇಬ್ಬರಿಗೂ ಕೆಮ್ಮು, ಕಣ್ಣಲ್ಲಿ ನೀರು.

ಆಮೇಲೆ ಅನ್ನ, ಒಂದೇ ತಟ್ಟೆ.
ಬೆಂದ ಬೆರಳಿಗೆ
ಬಿಸಿ ಎಷ್ಟೆಂದು ತಿಳಿಯಲಿಲ್ಲ.
ನಾಲಿಗೆಗೆ ತಿಳಿಯಿತು.