ಅಸಲು ಪ್ರತಿ

ತಾಲ್ಲೂಕು ಕಚೇರಿಯ ಎದುರು, ಹೊಂಗೆಮರದ ಬುಡದಲ್ಲಿ
ಬಾಗಿಲಷ್ಟೇ ಅಗಲದ ಜೆರಾಕ್ಸ್ ಅಂಗಡಿ.
ಹಾಳೆಗೆ ಎರಡು ರೂಪಾಯಿ,
ಹಿಂದೆ ಮುಂದೆ ಆದರೆ ಮೂರು.
ಮಂಡ್ಯದ ಅರ್ಧ ಗದ್ದೆಬಯಲು
ನನ್ನ ಕೈಮೇಲೆ ಹಾದುಹೋಗಿದೆ,
ಕಾಗದವಾಗಿ.

ಅಸಲು ತಂದಿದ್ದೀರಾ? ದಿನಕ್ಕೆ ನೂರು ಸಲ ಕೇಳುತ್ತೇನೆ.
ಬೆವರಿಗೆ ಮೆತ್ತಗಾದ ಪ್ಲಾಸ್ಟಿಕ್ ಕವರಿನಿಂದ,
ಸೊಂಟದ ಸಂಚಿಯಿಂದ
ಎಲೆಯಡಿಕೆ ವಾಸನೆಯ ಅಸಲು ಹೊರಬರುತ್ತದೆ.
ಗಾಜಿನ ಮೇಲೆ ಬೋರಲು ಮಲಗಿಸುತ್ತೇನೆ.
ಅದರಡಿ ಒಂದು ಬೆಳಕು ಸರಿದುಹೋಗುತ್ತದೆ.
ಇಷ್ಟೇ ನನ್ನ ಕಸುಬು.

ಮೊನ್ನೆ ಮಂಗಳವಾರ ಹನ್ನೊಂದೂವರೆಗೆ ಕರೆಂಟು ಹೋಯಿತು.
ಸಾಲಿನವರು ಟೀ ಅಂಗಡಿಗೆ ಚದುರಿದರು.
ಉಳಿದದ್ದು ನಾನು, ಬಿಸಿ ಆರುತ್ತಿದ್ದ ಮಿಷನ್ನು,
ಗಾಳಿ ತಂದು ಮೇಜಿಗೆ ಹಾಕಿದ
ಒಂದು ಹೊಂಗೆ ಹೂ.

ನಮ್ಮ ಕಡೆ ಹೊಂಗೆ ಹೂವನ್ನು ಯಾರೂ ಮುಡಿಯುವುದಿಲ್ಲ.
ಬೆಳಿಗ್ಗೆ ಪೊರಕೆಯ ಮುಂದೆ
ಅಕ್ಕಿನುಚ್ಚಿನ ಹಾಗೆ ಗುಡ್ಡೆ ಬೀಳುತ್ತದೆ, ಅಷ್ಟೇ.
ಕಿರುಬೆರಳ ಉಗುರಿನಷ್ಟು.
ಒಂದು ದಳ ಸೆರಗೆತ್ತಿದ ಹಾಗೆ ಮೇಲೆ,
ಮಿಕ್ಕವು ಅದರಡಿ ಬಾಯಿ ಮುಚ್ಚಿಕೊಂಡು
ಏನನ್ನೋ ಅಡಗಿಸಿಟ್ಟ ಹಾಗೆ.
ಹನ್ನೊಂದು ವರ್ಷ ಇದರ ಮೇಲೆ ನಡೆದಿದ್ದೇನೆ.
ನೋಡಿರಲಿಲ್ಲ.

ಟ್ರೇಯಿಂದ ಒಂದು ಹಾಳೆ ಎಳೆದುಕೊಂಡೆ.
ಗಿರಾಕಿಗಳು ಒಯ್ಯದಿರಲೆಂದು ಸಣಬಿನ ದಾರದಲ್ಲಿ ಕಟ್ಟಿದ
ಐದು ರೂಪಾಯಿಯ ನೀಲಿ ಪೆನ್ನು.
ದಾರ ಹೋದಷ್ಟೇ ದೂರ ಗೆರೆ.
ಹಾಗಾಗಿ ತೊಟ್ಟು ಎಡಕ್ಕೆ ಬಾಗಿತು,
ಪೆನ್ನು ಕಾರಿದ ಕಡೆ ನೆರಳು ಬಂತು,
ಅಳಿಸಲು ಬಾರದ್ದರಿಂದ
ತಪ್ಪೆಲ್ಲ ಎಲೆಯಾಯಿತು.
ನಲವತ್ತು ನಿಮಿಷ ನಾನು ಯಾವುದರ ನಕಲನ್ನೂ ತೆಗೆಯಲಿಲ್ಲ.

ಕರೆಂಟು ಬಂತು. ಜನ ಮುಗಿಬಿದ್ದರು.
ಅಕ್ಕ ನಂದು, ಅಕ್ಕ ನಂದು ಮೊದಲು.
ಯಾವ ಕೈ ಯಾವ ಹಾಳೆಯನ್ನು ಟ್ರೇಗೆ ತಳ್ಳಿತೋ.
ಸಂಜೆ ಮೇಜು ಒರೆಸುವಾಗ
ಹೂವಿರಲಿಲ್ಲ.

ಮರುದಿನ ಪೆನ್ನನ್ನು ದಾರದಿಂದ ಬಿಚ್ಚಿ
ಮತ್ತೆ ಬರೆಯಲು ಕೂತೆ.
ಕೈಗೆ ಅಡ್ಡಿಯೇ ಇರಲಿಲ್ಲ.
ಪಠ್ಯಪುಸ್ತಕದ ಹೂವೊಂದು ಬಂತು, ಐದು ದಳ ಸಮಸಮ.
ಉಂಡೆ ಮಾಡಿ ಎಸೆದೆ.

ಶನಿವಾರ ಹೊಳಲಿನ ಕೆಂಪಾಜಮ್ಮ ಬಂದಳು,
ಗಂಡ ದ್ಯಾವಣ್ಣನ ಮರಣಪತ್ರ ಜೆರಾಕ್ಸ್ ಮಾಡಿಸಿದ್ದವಳು.
'ಸಾಹೇಬ್ರು ಸೀಲು ಒತ್ತುದ್ರು ಕಣವ್ವ.
ತಿರುವಾಕಿ ನೋಡಿ, ಇದೇನಮ್ಮ ಹಿಂದ್ಗಡೆ ಹೂವು ಅಂದ್ರು.
ಬ್ಯಾರೆ ತತ್ತೀಯಾ ಅಂದ್ರು.
ಇರ್ಲಿ ಬುಡಿ ಸಾಮಿ ಅಂದೆ,
ಅವತ್ತು ಮಣ್ಣಿಗೆ ಹೂ ತರಕ್ಕೂ ಪುರುಸೊತ್ತಿರ್ನಿಲ್ಲ.'

ಅಸಲಿನೊಂದಿಗೆ ತಾಳೆ ನೋಡಿದೆ,
ಅಂತ ಇರುತ್ತದೆ ಆ ಸೀಲಿನಲ್ಲಿ. ನೇರಳೆ ಮಸಿ.
ಯಾವುದರ ಬೆನ್ನಿಗೆ ಯಾವುದು ಎಂದು
ಅದರಲ್ಲಿ ಬರೆದಿರುವುದಿಲ್ಲ.
ಈಗ ಮಹಡಿಯ ರೆಕಾರ್ಡು ಕೋಣೆಯಲ್ಲಿ
ಕೆಂಪು ದಾರ ಬಿಗಿದ ಫೈಲಿನೊಳಗೆ, ಕತ್ತಲಲ್ಲಿ,
ದ್ಯಾವಣ್ಣನ ಹೆಸರಿಗೆ ಬೆನ್ನು ಕೊಟ್ಟು
ನನ್ನ ಹೊಂಗೆ ಹೂ ಮಲಗಿದೆ.
ಕಿಟಕಿಯಾಚೆ ಕೊಂಬೆ ಅಲ್ಲಾಡುತ್ತಿರಬಹುದು.

ಹೊರಡುವಾಗ ಕೆಂಪಾಜಮ್ಮ ಸಂಚಿ ಬಿಚ್ಚಿ
ಒಂದು ರೂಪಾಯಿ ಗಾಜಿನ ಮೇಲಿಟ್ಟಳು.
ಯಾಕಜ್ಜಿ, ಅಂದೆ.
'ಹಿಂದೆ ಮುಂದೆ ಆದ್ರೆ ಮೂರು ಅಂತ
ನೀನೇ ಬರ್ದಿದ್ದೀಯಲ್ಲ.'