ಒಂಬತ್ತನೆಯ ಕಾಲಂ

ಸೋಹಾರಿನ ಬಂದರು ರಸ್ತೆಯ ಕ್ಲಿನಿಕ್ಕಿನಲ್ಲಿ
ನಾನು ಹೆಸರು ಬರೆಯುವವನು.
ಔಷಧಿ ತಿಳಿಯದು, ನಾಡಿ ತಿಳಿಯದು;
ಹಿಂದಿಯಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಬರೆದು,
ತಪ್ಪಾದರೆ ಕನ್ನಡದಲ್ಲಿ ಬೈದುಕೊಳ್ಳುತ್ತೇನೆ.
ಎಂಟು ಕಾಲಂ: ಹೆಸರು, ವಯಸ್ಸು, ದೇಶ, ಕ್ಯಾಂಪು,
ಕೆಲಸ, ತಾರೀಕು, ಏನು ನೋವು, ಸಹಿ.

ಪೋಶೆಟ್ಟಿ ಬಂದ, ಕಾಲು ಊದಿಸಿಕೊಂಡು.
ಮೊತಾಲೆಬ್ ಬಂದ, ಪಕ್ಕೆ ಹಿಡಿದುಕೊಂಡು.
ಮೂವತ್ತೆರಡರ ತಿಲಕ್ ರಾನಾನಿಗೆ
ಸಕ್ಕರೆಯಿಲ್ಲ, ಬಿಪಿಯಿಲ್ಲ,
ಕಿಡ್ನಿ ಮಾತ್ರ ಎಪ್ಪತ್ತರ ಮುದುಕನದ್ದು.
ಒಬ್ಬೊಬ್ಬರೇ ಬಂದಾಗ
ಅದು ಅವರವರ ಹಣೆಬರಹ.

ಕ್ಯಾಂಪಿನಲ್ಲಿ ಎಲ್ಲರ ಬಳಿಯೂ ಉತ್ತರವಿತ್ತು:
ಟ್ಯಾಂಕಿನ ನೀರು. ಡಬ್ಬಿಯ ಕೆಂಪು ಶರಬತ್ತು.
'ಕುಡೀತಾರೆ ಸಾರ್' ಎಂದು
ಫೋರ್‌ಮನ್ ಕಣ್ಣು ಮಿಟುಕಿಸಿದ.

ಒಂದು ಗುರುವಾರ ಸಂಜೆ ಡಾಕ್ಟರ್ ಝುವೈನಾ
ಮೂರು ವರ್ಷದ ರಿಜಿಸ್ಟರುಗಳನ್ನು ನೆಲಕ್ಕೆ ಹರಡಿ
ಮಂಡಿಯೂರಿದರು.
'ಯಾಕೆ ಅಂತ ಈಗಲೇ ಕೇಳಬೇಡ.
ಯಾರಿಗೆ, ಎಲ್ಲಿ, ಯಾವಾಗ,
ಇಷ್ಟು ಎಣಿಸು.'

ಅವಧಿ ಮುಗಿದ ಮಾತ್ರೆಗಳೇ ನಮ್ಮ ಕಾಯಿ,
ತಲೆಗೊಂದು.
ಮೇಯಿಂದ ಸೆಪ್ಟೆಂಬರಿಗೆ ಗುಡ್ಡೆ ಬಿತ್ತು;
ಜನವರಿಗೆ ಎರಡೇ.
ಅದೇ ಟ್ಯಾಂಕಿನ ನೀರು ಕುಡಿವ ಅಡುಗೆಯವರಲ್ಲಿ
ಒಬ್ಬನೂ ಇಲ್ಲ.
ಎಸಿ ಕ್ಯಾಬಿನ್ನಿನ ಕ್ರೇನಿನವರಲ್ಲಿ ಒಬ್ಬ,
ಅವನೂ ಹೋದ ವರ್ಷದವರೆಗೆ ಕಂಬಿ ಕಟ್ಟುತ್ತಿದ್ದವನು.
ಬೇಸಿಗೆ. ಕಂಬಿ ಕಟ್ಟುವವರು. ಎತ್ತರದ ಗೋಪುರ.
'ಬಿಸಿಲು!' ಎಂದೆ, ಪಂದ್ಯ ಗೆದ್ದವನ ಹಾಗೆ.
'ಡಾಂಬರು ಹಾಕುವವರು ನೆರಳಲ್ಲಿದ್ದಾರೆಯೇ?'
ಅವರೂ ಅಷ್ಟೇ ಜನ, ಅದೇ ಸೂರ್ಯ;
ಅವರ ಸಾಲಿಗೆ ನಾಲ್ಕು ಮಾತ್ರೆ.
ಬಾಯಿ ಮುಚ್ಚಿದೆ.

'ಇದು ಸಾಕ್ಷಿಯಲ್ಲ' ಎಂದರು, ಮಂಡಿಯ ಧೂಳು ಕೊಡವುತ್ತ.
'ಯಾವ ಬಾಗಿಲು ತಟ್ಟಬೇಕೋ ಅಷ್ಟು ಹೇಳುತ್ತದೆ.
ಒಳಗೆ ಯಾರಿದ್ದಾರೋ, ಆಮೇಲೆ.'

ಭಾನುವಾರ ಪೋಶೆಟ್ಟಿಯನ್ನು ಕೇಳಿದೆ,
ನೀರು ಕುಡಿಯಲ್ವೇನಪ್ಪ?
ನಕ್ಕ.
'ಕುಡಿದರೆ ಇಳೀಬೇಕಲ್ಲ ಸಾರ್.
ಹನ್ನೊಂದು ಅಂತಸ್ತು. ಕಕ್ಕಸು ಗೇಟಿನಾಚೆ.
ಹತ್ತಿ ಬರೋದರೊಳಗೆ ಅರ್ಧ ಗಂಟೆ ಹಾಜರಿ ಕಟ್.'
ಇವತ್ತು ಗಾಳಿ ಜೋರು ಎಂಬಷ್ಟೇ
ಸಾಧಾರಣವಾಗಿ ಹೇಳಿದ.

ಸ್ಕೇಲು ಹಿಡಿದು,
ಕೆಲಸಕ್ಕೂ ತಾರೀಕಿಗೂ ನಡುವಿನ ಇಕ್ಕಟ್ಟಿನಲ್ಲಿ
ಒಂದು ಗೆರೆ ಎಳೆದೆ:
ಮೂತ್ರಕ್ಕೆ ಎಷ್ಟು ಮೆಟ್ಟಿಲು?
ಡಾಕ್ಟರ್ ನೋಡಿದರು, ಹೊಗಳಲಿಲ್ಲ.
'ಕಿಡ್ನಿ ಚೆನ್ನಾಗಿರುವವರನ್ನೂ ಕೇಳು.'

ಸಾಲಿನಲ್ಲಿ ಮುಂದಿನವನು ಬೆರಳು ಕೊಯ್ದುಕೊಂಡಿದ್ದ,
ಚಿಂದಿ ಬಟ್ಟೆಯಲ್ಲಿ ರಕ್ತ.
ಕೇಳಿದೆ.
'ಬೆರಳಿಗೂ ಅದಕ್ಕೂ ಏನು ಸಂಬಂಧ?'
ಗೊತ್ತಿಲ್ಲ ಮಾರಾಯ,
ಎಷ್ಟು ಮೆಟ್ಟಿಲು ಹೇಳು.