ಸಾಲಿಗೊಂದು ಸಾಲು

ಜಮಖಂಡಿ ಬಿಇಓ ಆಫೀಸಿನ ಹಿಂದಿನ ಕೋಣಿ,
ಕಾಲು ಮುರಿದ ಬೆಂಚು, ಸಮುದ್ರ ಮಾಸಿದ ಗ್ಲೋಬು.
ಗಣಿತದ ಅಕ್ಕೋರಿಗೆ ಲೆಕ್ಕ ಬರತೈತಿ ಅಂತ
ನನ್ನ ಇಲ್ಲಿ ಕೂಡ್ರಿಸ್ಯಾರ.
ಎಸ್ಸೆಸ್ಸೆಲ್ಸಿ ಫಲಿತಾಂಶ, ಸರ್ಕಾರಿ ಸಾಲಿ ಅಷ್ಟೂ,
ಸಾಲಿಗೊಂದು ಸಾಲು,
ಹೆಚ್ಚಿಂದ ಕಡಿಮಿಗೆ.
ಮ್ಯಾಲಿನ ಐದಕ್ಕ ಹಸಿರು, ಕೆಳಗಿನ ಐದಕ್ಕ ಕೆಂಪು,
ಬಣ್ಣ ನಾನ ಬಳೀಬೇಕು.

ಬನಹಟ್ಟಿಯೊಳಗಿನ ಎರಡು ಸಾಲಿ ತಗೋರಿ.
ಒಂದು ಬಸ್ ಸ್ಟ್ಯಾಂಡಿನ ಆಚೆ,
ಬ್ಯಾಂಕಿನವರು, ಕಾರಕೂನರು ಮನಿ ಕಟ್ಟಿದ ಕಡೆ:
ನೂರು ಮಂದಿ ಕೂತು ಎಂಬತ್ತು ಪಾಸು.
ಇನ್ನೊಂದು ಮಗ್ಗದ ಓಣಿಯೊಳಗ:
ನೂರು ಮಂದಿ ಕೂತು ಅರವತ್ಮೂರು.
ಹಸಿರು. ಕೆಂಪು.
ಕೆಂಪು ಸಾಲಿನ ಹೆಡ್ ಮಾಸ್ತರ ಬಾಡಗಿ ಸರ್‌ಗೆ
ಕಾರಣ ಕೇಳೂ ನೋಟಿಸು ಅಚ್ಚಾಗಿ ಬಿದ್ದೈತಿ,
ಸಹಿ ಒಂದು ಬಾಕಿ.

ಕಾರಣ ಕೇಳ್ಯಾರಲ್ಲ, ನಾನೂ ಕೇಳಿದೆ,
ಆ ಎರಡು ನೂರು ಹೆಸರಿಗೆ.
ಪಟ್ಟಿಯೊಳಗ ಬಲಕ್ಕ ಸರಿಸಿ, ಇನ್ನೂ ಬಲಕ್ಕ ಸರಿಸಿ ಹೋದ್ರ
ಯಾರೂ ಹಾಯದ ಒಂದು ಕಾಲಮ್ಮು ಐತಿ: ತಾಯಿಯ ಓದು.
ಅರ್ಧ ಮಂದಿ ಎದುರಿಗೆ ಬರೇ ಗೀಟು.

ಬಸ್ ಸ್ಟ್ಯಾಂಡಿನ ಸಾಲಿಯೊಳಗ
ಅವ್ವ ಓದಿದ ಮಕ್ಕಳು ಎಂಬತ್ತು, ಎಪ್ಪತ್ತೆರಡು ದಾಟ್ಯಾವ.
ಅವ್ವ ಹೆಬ್ಬೆಟ್ಟು ಒತ್ತೂ ಮಕ್ಕಳು ಇಪ್ಪತ್ತು,
ದಾಟಿದ್ದು ಎಂಟು.
ಮಗ್ಗದ ಓಣಿಯೊಳಗ
ಓದಿದ ಅವ್ವಂದಿರ ಮಕ್ಕಳು ಇಪ್ಪತ್ತ, ಹತ್ತೊಂಬತ್ತು ಪಾಸು.
ಹೆಬ್ಬೆಟ್ಟಿನ ಮಕ್ಕಳು ಎಂಬತ್ತು,
ನಲವತ್ನಾಲ್ಕು ಪಾಸು.

ನೀವೂ ಒಮ್ಮೆ ಮಾಡಿ ನೋಡ್ರಿ.
ನೂರಕ್ಕ ತೊಂಬತ್ತು ಅಲ್ಲಿ, ತೊಂಬತ್ತೈದು ಇಲ್ಲಿ.
ನೂರಕ್ಕ ನಲವತ್ತು ಅಲ್ಲಿ, ಐವತ್ತೈದು ಇಲ್ಲಿ.
ಬ್ಯಾರೆ ಬ್ಯಾರೆ ತೂಗಿದ್ರ ಎರಡೂ ಸಲ ಮಗ್ಗದ ಓಣಿ ಭಾರ,
ಒಂದ ಚೀಲಕ್ಕ ಸುರುವಿ ತೂಗಿದ್ರ
ಅದ ಹಗುರ.
ಕಣ್ಕಟ್ಟಲ್ಲ ಇದು, ಮಗ್ಗಿ.
ನಾ ಮೂರು ಸಲ ಮಾಡೇನಿ,
ಚಹಾ ಆರಿ ಕೆನಿ ಕಟ್ಟಿತು.

ಸಾಹೇಬರ ಮುಂದ ಹಾಳಿ ಇಟ್ಟೆ.
ಕೆಟ್ಟವರಲ್ಲ ಅವರು. ಕನ್ನಡಕ ಏರಿಸಿ ಪೂರ್ತಿ ಓದಿದ್ರು,
ಒಂದು ಕಡೆ ಪೆನ್ನಿನ ತುದಿ ಇಟ್ಟು ಮತ್ತ ಓದಿದ್ರು.
'ಖರೇ ಅಕ್ಕೋರ. ಆದ್ರ ಬಾಗಲಕೋಟಿಗೆ ಹೋಗೂ ನಮೂನೆಯೊಳಗ
ಸಾಲಿಗೆ ಒಂದ ಮನಿ ಕೊಟ್ಟಾರ, ಶೇಕಡಾ ತುಂಬಾಕ.
ಅದರೊಳಗ ಅವ್ವನ್ನ ಎಲ್ಲಿ ಕೂಡ್ರಸ್ಲಿ?'

ಸಂಜಿಮುಂದ ಬಾಡಗಿ ಸರ್‌ಗೆ ಫೋನ್ ಹಚ್ಚಿದೆ,
ಖುಷಿ ಆದೀತು ಅಂತ.
ಹಿಂದ ಪವರ್‌ಲೂಮಿನ ಖಟಪಟ, ಯಾರದೋ ಬಾಗಿಲಾಗ ನಿಂತಿದ್ರು,
ಮರುಪರೀಕ್ಷೆಗೆ ಹೆಸರು ಬರಸಾಕ.
ನನ್ನ ಲೆಕ್ಕ ಕೇಳಿ ಒಂದು ಗಳಿಗಿ ಸುಮ್ಮನಾದ್ರು.
'ಚಲೋ ಆತು ಬಿಡ್ರಿ.
ಆದ್ರ ಮೂವತ್ತೇಳು ಉಳದಾವಲ್ಲ,
ಅವಕ್ಕ ಏನ್ ಹೇಳ್ಲಿ, ನಮ್ಮ ಸಾಲಿ ಗೆದ್ದೈತಿ ಅಂತನ?'
ಅಷ್ಟರಾಗ ಒಳಗಿಂದ ಒಂದು ಹುಡುಗಿ ದನಿ:
'ಇನ್ನ ನಾಕ ಕಂಡಿಕಿ ಅದಾವ್ರೀ ಸರ್, ಸುತ್ತಿ ಬಂದೆ.'
ತೈಸೀನ ಮೋಮಿನ ಇರಬೇಕು.
ಎಂಬತ್ತೇಳನೇ ಹೆಸರು, ಗಣಿತಕ್ಕ ಎರಡು ಅಂಕ ಕಡಿಮಿ,
ಮುಂದ ಗೀಟು.

ಒಂದು ಮಾತು ನಿಮಗ ಹೇಳಿಲ್ಲ ನಾನು.
ಬಸ್ ಸ್ಟ್ಯಾಂಡಿನ ಸಾಲಿ ನಂದು.
ಹನ್ನೊಂದು ವರ್ಷ ಅಲ್ಲೇ ಗಣಿತ.
ಹಸಿರು ಸಾಲಿಗೆ ಹಾಕಿದ ಶಾಲು
ನನ್ನ ಹೆಗಲ ಮ್ಯಾಲೂ ಬಿದ್ದೈತಿ, ಫೋಟೋ ತಗದಾರ.

ಎಲ್ಲಾರೂ ಹೋದ ಮ್ಯಾಲೆ ಮತ್ತ ಕಂಪ್ಯೂಟರ್ ತೆರೆದೆ.
ಇಪ್ಪತ್ತರೊಳಗ ಎಂಟು ಕಳದ್ರ ಹನ್ನೆರಡು.
ಹನ್ನೆರಡು ಹೆಸರು, ನನ್ನ ಕ್ಲಾಸಿನವು,
ಒಂದೊಂದಾಗಿ ದನಿ ತಗದು ಓದಿದೆ, ಹಾಜರಿ ಕರದಂಗ.
ಒಂಬತ್ತು ಮುಖ ನೆನಪಾದವು.